ಕಣ್ಣಳತೆಯ ದೂರ, ಕಿವಿಯಳತೆಯ ದೂರ: ಸರ್ ಸಿ. ವ್ಹಿ. ರಾಮನ್

ಸರ್ ಸಿ. ವ್ಹಿ. ರಾಮನ್ನರ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವದು 1930ರ ನೊಬೆಲ್ ಪಾರಿತೋಷಕ, ತಲೆಯ ಮೇಲಿನ ರುಮಾಲು, ಹಾಗೂ ಪ್ರತಿವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ ನಡೆಯುವ ಭಾಷಣಗಳು. ರಾಮನ್ ಪರಿಣಾಮದ ಗಣಿತವನ್ನು ಬಿಡಿಸಿ ಹೇಳುವ ಯೋಗ್ಯತೆ ಬಿ.ಎ. ತರಗತಿಯ ನನಗಿಲ್ಲ, ಆ ಕೆಲಸವನ್ನು ವಿಜ್ಞಾನ ಓದಿದ ಮಿತ್ರರಿಗೆ ಬಿಡುತ್ತೇನೆ. ನಾನು ಹೇಳಹೊರಟಿರುವದು ಅವರ ಬಾಳಿನ ಇನ್ನೊಂದು ಎಳೆಯನ್ನು. ಇತ್ತೀಚೆಗೆ ವರ್ಚುವಲ್ ರಿಯಾಲಿಟಿಯ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಕಣ್ಣಿಗೆ ಪೆಟ್ಟಿಗೆಯಂಥ ಕನ್ನಡಕ, ಕಿವಿಗೆ ಹೆಡ್‌ಫೋನು ಕಟ್ಟಿಕೊಂಡರೆ ಬೆಳಗಾವಿಯ ಕೋಣೆಯೊಂದರಲ್ಲಿ ಕುಳಿತವನು ಗೋಕಾಕದ ಜಲಪಾತದ ಅಂಚಿನಲ್ಲಿ ನಿಂತಂತೆ ಆಗಬೇಕು. ನೀರು ಬೀಳುವ ತಾವು ಎಷ್ಟು ದೂರ, ಎದುರಿನ ಬಂಡೆ ಎಷ್ಟು ದೂರ ಎಂಬದನ್ನು ಅವನ ಕಣ್ಣೂ ಕಿವಿಯೂ ಕೂಡಿ ಒಪ್ಪಿದರೆ ಮಾತ್ರ ಆಟ ಕೂಡುತ್ತದೆ, ಇಲ್ಲವಾದರೆ ಕೆಡುತ್ತದೆ. ಈ ಯಂತ್ರದ ಕನಸೂ ಇಲ್ಲದ ಕಾಲದಲ್ಲಿ, ದೂರದ ಗುರುತುಗಳನ್ನು ಬೆಳಕಿನಲ್ಲಿಯೂ ನಾದದಲ್ಲಿಯೂ ಒಬ್ಬನೇ ಮನುಷ್ಯ ಹುಡುಕಿದ್ದನು. ಆತನ ಹುಡುಕಾಟದ ಒಂದು ತುದಿ ನಮ್ಮ ನೆರೆಯ ವಿಜಯಪುರದ ಗೋಳಗುಮ್ಮಟವನ್ನು ಮುಟ್ಟಿದೆ. ಆದುದರಿಂದ ಈ ಚರಿತ್ರೆ.

ಚಂದ್ರಶೇಖರ ವೆಂಕಟ ರಾಮನ್ನರು 1888ನೆಯ ಇಸವಿ ನವೆಂಬರ 7ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ದಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಹಾಗೂ ಭೌತಶಾಸ್ತ್ರಗಳ ಅಧ್ಯಾಪಕರು. ಪಿಟೀಲು ಬಾರಿಸುವ ಹವ್ಯಾಸವುಳ್ಳವರು. ಮನೆಯಲ್ಲಿ ಪುಸ್ತಕವೂ ಇದ್ದಿತು, ಪಿಟೀಲೂ ಇದ್ದಿತು. ಹುಡುಗನು ಹನ್ನೊಂದನೆಯ ವಯಸ್ಸಿಗೆ ಮ್ಯಾಟ್ರಿಕ್ ಮುಗಿಸಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ.; ನಡುವೆ 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬೆಳಕು ಕಿರಿದಾದ ಕಿಂಡಿಯನ್ನು ದಾಟುವಾಗ ಮೂಡುವ ಪಟ್ಟಿಗಳ ಕುರಿತು ಬರೆದ ಲೇಖನವು ಲಂಡನ್ನಿನ ಫಿಲಾಸಾಫಿಕಲ್ ಮ್ಯಾಗಝಿನ್ನಿನಲ್ಲಿ ಅಚ್ಚಾಯಿತು. ನಮ್ಮ ವಯಸ್ಸಿನವರು ಇದನ್ನೋದಿದಾಗ ತಲೆ ತಗ್ಗಿಸಬೇಕಾಗುತ್ತದೆ.

ಮುಂದಿನ ಓದಿಗೆ ವಿಲಾಯತಿಗೆ ಹೋಗಬೇಕೆಂಬ ಮಾತು ಬಂದಿತು. ಈ ಸಣಕಲು ದೇಹಕ್ಕೆ ಅಲ್ಲಿನ ಹವೆ ಒಗ್ಗದೆಂದು ಸರಕಾರಿ ವೈದ್ಯರು ತಡೆದರು. ಆಗಿನ ಕಾಲದಲ್ಲಿ ಹಿಂದುಸ್ತಾನದಲ್ಲಿದ್ದುಕೊಂಡು ವಿಜ್ಞಾನದಿಂದ ಹೊಟ್ಟೆ ಹೊರೆಯುವ ದಾರಿ ಕಾಣುತ್ತಿರಲಿಲ್ಲ. ರಾಮನ್ನರು ಹಣಕಾಸು ಖಾತೆಯ ಪರೀಕ್ಷೆಗೆ ಕುಳಿತು ಉತ್ತೀರ್ಣರಾಗಿ, ಅದೇ 1907ರಲ್ಲಿ ಲೋಕಸುಂದರಿಯವರ ಕೈಹಿಡಿದು, ಕಲಕತ್ತೆಗೆ ಸಹಾಯಕ ಅಕೌಂಟಂಟ್ ಜನರಲ್ಲರಾಗಿ ಹೋದರು. ಒಳ್ಳೆಯ ಸಂಬಳ, ಮಾನಮರ್ಯಾದೆಯ ಹುದ್ದೆ. ಮನೆಗೆ ಮೊದಲ ಪದವೀಧರನಾಗಲಿರುವ ನನ್ನಂಥವನಿಗೆ ಇಂಥ ನೌಕರಿಯ ಬೆಲೆಯನ್ನು ಯಾರೂ ತಿಳಿಸಿಕೊಡಬೇಕಾಗಿಲ್ಲ. ಆದರೆ ಕಲಕತ್ತೆಯ ಬೌಬಜಾರ ರಸ್ತೆಯಲ್ಲಿ ಡಾ. ಮಹೇಂದ್ರಲಾಲ ಸರಕಾರರು 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯೊಂದು ಬಹುಮಟ್ಟಿಗೆ ನಿರ್ಜನವಾಗಿ ಬಿದ್ದಿತ್ತು. ಅದರ ಬಾಗಿಲು ಈ ತರುಣನಿಗೆ ತೆರೆಯಿತು. ಕಚೇರಿಗೆ ಹೋಗುವ ಮುನ್ನ ಮುಂಜಾನೆ, ಕಚೇರಿ ಬಿಟ್ಟ ಬಳಿಕ ರಾತ್ರಿಯವರೆಗೆ ಅವರು ಅಲ್ಲಿ ದುಡಿದರು. ಹತ್ತು ವರ್ಷ ಹೀಗೆ ನಡೆಯಿತು.

ಆ ಹತ್ತು ವರ್ಷಗಳಲ್ಲಿ ಅವರ ಕೆಲಸ ಹೆಚ್ಚಾಗಿ ನಾದದ್ದು. ಬೆಳಕಿನ ಋಷಿಯೆಂದು ಹೆಸರಾದ ಈ ಪುರುಷನು ಮೊದಲು ಕಿವಿಯ ಮನುಷ್ಯನಾಗಿದ್ದನೆಂಬದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವದೇ ಇಲ್ಲ. 1909ರಲ್ಲಿ ಭಿಕ್ಷುಕರ ಕೈಯ ಏಕತಾರಿಯ ಕುರಿತು ಬರೆದರು. ಪಿಟೀಲಿನ ತಂತಿ ಕಮಾನಿನ ಅಡಿಯಲ್ಲಿ ಹೇಗೆ ನಡುಗುತ್ತದೆಂಬದರ ಮೇಲೆ 1918ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಮನುಷ್ಯನ ಕೈಯ ಒತ್ತಡ ಒಮ್ಮೆಯಿದ್ದಂತೆ ಇನ್ನೊಮ್ಮೆ ಇರದೆಂದು, ಪಿಟೀಲನ್ನು ತಾನೇ ಬಾರಿಸುವ ಯಂತ್ರವೊಂದನ್ನು ಜೋಡಿಸಿಕೊಂಡರು. ವೀಣೆ ತಂಬೂರಿಗಳ ಕುದುರೆ ಏಕೆ ಹಾಗೆ ಅಗಲವಾಗಿ ಬಾಗಿರುತ್ತದೆ, ಅದರಿಂದ ನಾದ ಏಕೆ ತುಂಬಿಕೊಳ್ಳುತ್ತದೆ ಎಂದು ತೋರಿಸಿದರು. ಇವೆಲ್ಲಕ್ಕೂ ಬೇಕಾದ ಮುಖ್ಯ ಉಪಕರಣವು ತೆರೆದ ಕಿವಿ.

ಕಿವಿಯನ್ನು ಉಪಕರಣವೆಂದದ್ದಕ್ಕೆ ಯಾರೂ ನಗಬಾರದು. ಖಾನಾಪುರ ಮಣ್ಣಿನ ಪಾತ್ರೆಗಳ ಊರು. ಅಲ್ಲಿ ಗಡಿಗೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾಳೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ನನ್ನ ಅಪ್ಪ ಶಾಲೆಯ ಕಟ್ಟೆ ಹತ್ತಿದವರಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕಡೆಯ ಕಾಡಿಗೆ ಮಂಜು ಕವಿದಾಗ ಹತ್ತು ಮಾರಿನಾಚೆ ಏನೂ ಕಾಣದು. ಆಗ ಎಮ್ಮೆಯ ಕೊರಳ ಗಂಟೆಯಿಂದಲೇ ಅದು ಹಳ್ಳದ ಈಚೆಗಿದೆಯೋ ಆಚೆಗಿದೆಯೋ ಹೇಳುತ್ತಾರೆ. ಹೇಗೆಂದು ಕೇಳಿದರೆ, ಹತ್ತಿರದ ಗಂಟೆಗೆ ಅಂಚು ಇರುತ್ತದೆ, ದೂರದ್ದು ಮೊಂಡಾಗುತ್ತದೆ ಎಂಬುದಷ್ಟೇ ಅವರ ವಿವರಣೆ. ಇದು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ದನಿಯು ದೂರ ಹೋದಂತೆ ಕ್ಷೀಣಿಸುವದೊಂದೇ ಅಲ್ಲದೆ ಅದರಲ್ಲಿಯ ಸಣ್ಣ, ಚೂಪಾದ ಸ್ವರಗಳನ್ನು ಗಾಳಿಯೂ ಗಿಡಗಂಟಿಗಳೂ ಮೊದಲು ನುಂಗಿಬಿಡುತ್ತವೆ. ಗೋಡೆಗಳಿರುವೆಡೆಯಲ್ಲಿ ಮತ್ತೊಂದು ಗುರುತುಂಟು: ಹತ್ತಿರದ ದನಿ ನೇರವಾಗಿ ಬರುತ್ತದೆ, ದೂರದ ದನಿಯಲ್ಲಿ ಗೋಡೆಗೆ ಬಡಿದು ಬಂದ ಪಾಲೇ ಹೆಚ್ಚು. ಈ ಗುರುತುಗಳನ್ನು ಕೂಡಿಸಿ ಕಿವಿ ದೂರವನ್ನು ಊಹಿಸುತ್ತದೆ. ಊಹೆ ಎಂದೇ ಅನ್ನಬೇಕು. ದೂರದ ದನಿಯನ್ನು ಕಿವಿಯು ಇದ್ದುದಕ್ಕಿಂತ ಹತ್ತಿರವೆಂದೇ ಸಾಮಾನ್ಯವಾಗಿ ಎಣಿಸುತ್ತದೆ.

1917ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಸರ್ ಆಶುತೋಷ ಮುಖರ್ಜಿಯವರು ರಾಮನ್ನರನ್ನು ಪಾಲಿತ್ ಪ್ರಾಧ್ಯಾಪಕರ ಪೀಠಕ್ಕೆ ಕರೆದರು. ಸಂಬಳ ಬಹುಮಟ್ಟಿಗೆ ಅರ್ಧಕ್ಕಿಳಿಯುತ್ತಿತ್ತು. ಪೀಠದ ನಿಯಮದಂತೆ ವಿದೇಶದಲ್ಲಿ ತರಬೇತಿ ಪಡೆಯಬೇಕಿತ್ತು. ತಾನು ಕಲಿಯಲು ಅಲ್ಲಿಗೆ ಹೋಗತಕ್ಕವನಲ್ಲವೆಂದು ರಾಮನ್ನರು ಹಟ ಹಿಡಿದರು, ನಿಯಮವೇ ಸಡಿಲಾಯಿತು. ನೌಕರಿ ಬಿಟ್ಟರು. ಸ್ವಾಭಿಮಾನವೋ ಗರ್ವವೋ ಎಂದು ಕೇಳುವವರಿದ್ದಾರೆ. ಎರಡೂ ಇದ್ದವೆಂದು ನನಗೆ ತೋರುತ್ತದೆ. ಮುಂದೆ ಬೆಂಗಳೂರಿನಲ್ಲಿ ಎರಡರ ಫಲವನ್ನೂ ಉಂಡರು.

ಈಗ 1921ಕ್ಕೆ ಬರೋಣ. ಈ ಲೇಖನದ ಮಟ್ಟಿಗೆ ಅವರ ಬಾಳಿನ ನಡುಗಂಬ ಇದೇ ವರ್ಷ. ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಅವರು ಮೊದಲ ಸಲ ಇಂಗ್ಲಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟದ ಒಳಸುತ್ತಿನಲ್ಲಿ ಒಂದು ಪಡಸಾಲೆಯಿದೆ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವನಿಗೆ ಕೇಳುತ್ತದೆ. ಊರು ನೋಡಬಂದವರೆಲ್ಲ ಪಿಸುಗುಟ್ಟಿ, ನಕ್ಕು, ಇಳಿದುಹೋಗುತ್ತಿದ್ದ ತಾಣ ಅದು. ರಾಮನ್ನರು ಸದರ್‌ಲಂಡರೆಂಬವರ ಸಂಗಡ ಅಲ್ಲಿ ಪ್ರಯೋಗಕ್ಕೆ ನಿಂತರು. ಎದುರು ಗೋಡೆಗೆ ಬಡಿದ ದನಿ ಕನ್ನಡಿಯಿಂದ ಬೆಳಕು ಕೂಡುವಂತೆ ಒಂದು ಬಿಂದುವಿನಲ್ಲಿ ಕೂಡುತ್ತದೆಂಬ ಹಳೆಯ ಅಭಿಪ್ರಾಯವನ್ನು ಲಾರ್ಡ್ ರ‍್ಯಾಲೆಯವರು ಮೊದಲೇ ಅಲ್ಲಗಳೆದಿದ್ದರು. ದನಿಯು ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಹರಿಯುತ್ತದೆಂಬದು ಅವರ ಮತ. ರಾಮನ್ನರ ಪರೀಕ್ಷೆಯಲ್ಲಿ ಗೋಡೆಯಿಂದ ಒಳಕ್ಕೆ ಸರಿದಂತೆ ದನಿ ಒಂದೇ ಸಮನೆ ತಗ್ಗದೆ, ಏರಿ ಇಳಿದು ಏರಿ ಇಳಿದು, ಪಟ್ಟೆ ಪಟ್ಟೆಯಾಗಿ ಕಂಡುಬಂದಿತು. ಮರುವರ್ಷ ಪಿಸುಮಾತಿನ ಗ್ಯಾಲರಿಗಳ ಕುರಿತು ಬರೆದಾಗ ಅವರು ನಮ್ಮ ದೇಶದ ಕಟ್ಟಡಗಳನ್ನೂ ಪರಿಶೀಲಿಸಿದರು. ಅವುಗಳಲ್ಲಿ ಗೋಳಗುಮ್ಮಟವೂ ಒಂದು.

ಗೋಳಗುಮ್ಮಟವನ್ನು ನಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ನೋಡಿಯೇ ಇದ್ದೀರಿ. ಮಹಮ್ಮದ ಆದಿಲಶಹನ ಸಮಾಧಿ. ಅವನು ತೀರಿದ 1656ರ ಸುಮಾರಿಗೆ ಮುಗಿದದ್ದು. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರು. ಮೇಲಿನ ಸುತ್ತುಪಡಸಾಲೆಯಲ್ಲಿ ಗೆಳೆಯನನ್ನು ಎದುರು ಬದಿಗೆ ನಿಲ್ಲಿಸಿದರೆ ಕಣ್ಣಿಗೆ ಅವನು ಚಿಕ್ಕದಾಗಿ, ದೂರದಲ್ಲಿ ಕಾಣುತ್ತಾನೆ. ಅವನು ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ದನಿ ನಮ್ಮ ಹೆಗಲ ಮೇಲಿಂದಲೇ ಬಂದಂತಿರುತ್ತದೆ. ಅಲ್ಲಿಗೆ ಒಬ್ಬನೇ ಮನುಷ್ಯ ಎರಡು ದೂರದಲ್ಲಿ ನಿಂತಂತಾಯಿತು! ಬಯಲಿನಲ್ಲಿ ದನಿ ಎಲ್ಲ ದಿಕ್ಕಿಗೂ ಹಂಚಿಹೋಗಿ ಬೇಗನೆ ಸೋಲುತ್ತದೆ. ಇಲ್ಲಿ ಅದು ಗೋಡೆಯ ಮಗ್ಗುಲಿನಲ್ಲಿಯೇ ಹರಿಯುವದರಿಂದ ಅಷ್ಟು ಸೋಲುವದಿಲ್ಲ. ಅರ್ಧ ಸುತ್ತಿನ ಸುಮಾರು 60 ಮೀಟರು ದಾರಿಯನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟಿ, ಪಿಸುಮಾತಿನ ಅಂಚು ಮಾಸುವ ಮೊದಲೇ ಬಂದು ತಲುಪುತ್ತದೆ. ಕಿವಿಗೆ ಗೊತ್ತಿರುವ ಲೆಕ್ಕ ಒಂದೇ: ಸೋಲದ ದನಿ ಹತ್ತಿರದ ದನಿ. ಆ ಲೆಕ್ಕದ ಪ್ರಕಾರ ಅದು ಹೇಳುವ ಉತ್ತರ ಸರಿಯಾದದ್ದೇ; ದಾರಿ ತಪ್ಪಿಸಿದ್ದು ಗೋಡೆ. ಮುನ್ನೂರರವತ್ತು ವರ್ಷಗಳಿಗೂ ಹಿಂದಿನ ಗಾರೆ ಕೆಲಸದವರು ತಾವರಿಯದೆ ಕಟ್ಟಿದ ವರ್ಚುವಲ್ ರಿಯಾಲಿಟಿ ಅದು ಎಂದರೆ ಅತಿಶಯೋಕ್ತಿಯಾಗಲಾರದು.

ಅದೇ 1921ರಲ್ಲಿ ನಾರ್ಕುಂಡಾ ಹಡಗಿನಲ್ಲಿ ಹಿಂದಿರುಗುವಾಗ ಭೂಮಧ್ಯ ಸಮುದ್ರದ ಕಡುನೀಲಿಯು ರಾಮನ್ನರನ್ನು ಸೆರೆಹಿಡಿಯಿತು. ಕಡಲಿನ ನೀಲಿ ಬರಿಯ ಆಕಾಶದ ಪ್ರತಿಬಿಂಬವೆಂದು ರ‍್ಯಾಲೆಯವರು ಹೇಳಿದ್ದರು. ರಾಮನ್ನರು ಸಂಗಡ ಒಯ್ದಿದ್ದ ನಿಕಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಕಳೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಕಳೆಯೇರಿತು. ನೀರಿನ ಕಣಗಳೇ ಬೆಳಕನ್ನು ಚದರಿಸಿ ಆ ಬಣ್ಣ ಕೊಡುತ್ತವೆಂಬದು ಸಿದ್ಧವಾಯಿತು. ಈ ಎಳೆಯನ್ನು ಹಿಡಿದೇ ಏಳು ವರ್ಷಗಳ ಮೇಲೆ, 1928ರ ಫೆಬ್ರುವರಿ 28ರಂದು, ಕೆ. ಎಸ್. ಕೃಷ್ಣನ್ನರೊಡನೆ ದುಡಿಯುತ್ತ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಅದರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

ಆದರೆ ಚದರಿಕೆಗೂ ದೂರಕ್ಕೂ ಒಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಖಾನಾಪುರದಿಂದ ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಹತ್ತಿರದ ಗುಡ್ಡ ಹಸುರು, ಅದರ ಹಿಂದಿನದು ಮಾಸಲು, ಅದರಾಚೆಯ ಸಹ್ಯಾದ್ರಿಯ ಸಾಲು ನೀಲಿ. ಆ ಗುಡ್ಡವೇನೂ ನೀಲಿಯಲ್ಲ. ನಮಗೂ ಅದಕ್ಕೂ ನಡುವಿನ ಗಾಳಿ ಬೆಳಕನ್ನು ಚದರಿಸಿ ನೀಲಿಯ ತೆರೆಯನ್ನು ಎಳೆದಿದೆ. ತೆರೆ ದಪ್ಪವಾದಷ್ಟೂ ದೂರ ಹೆಚ್ಚೆಂದು ಕಣ್ಣು ಓದಿಕೊಳ್ಳುತ್ತದೆ. ಮಳೆ ಬಂದು ಗಾಳಿ ತೊಳೆದ ಮರುದಿನ ಅದೇ ಗುಡ್ಡ ಕೈಗೆಟುಕುವಂತೆ ಹತ್ತಿರ ಕಾಣುವದು ಇದರಿಂದಲೇ. ಗೋಳಗುಮ್ಮಟದಲ್ಲಿ ಸೋಲದ ದನಿ ಕಿವಿಯನ್ನು ಮೋಸಗೊಳಿಸಿದಂತೆ, ಇಲ್ಲಿ ಚದರದ ಬೆಳಕು ಕಣ್ಣನ್ನು ಮೋಸಗೊಳಿಸುತ್ತದೆ. ಒಂದೇ ವರ್ಷದಲ್ಲಿ ರಾಮನ್ನರನ್ನು ಕಾಡಿದ ಎರಡು ಪ್ರಶ್ನೆಗಳು, ಅವರು ಆ ಹೆಸರಿಡದಿದ್ದರೂ, ದೂರದ ಎರಡು ಗುರುತುಗಳೇ ಆಗಿದ್ದವು.

ಈಗಿನ ಯಂತ್ರದವರಿಗೆ ಇವೆರಡೂ ಬೇಕು. ಇನ್ನೂ ಹಲವು ಬೇಕು. ಕಣ್ಣಿನ ಬಹುಮುಖ್ಯ ಗುರುತನ್ನು ತೋರಿಸಿಕೊಟ್ಟವನು ಇಂಗ್ಲಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್. ಆತನೂ ವಾದ್ಯ ತಯಾರಿಸುವವರ ಮನೆತನದವನೆಂಬದು ಸ್ವಾರಸ್ಯದ ಸಂಗತಿ. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಅಂತರವಿರುವದರಿಂದ ಎರಡಕ್ಕೂ ಕಾಣುವ ಚಿತ್ರ ಚೂರು ಬೇರೆ ಬೇರೆ. ಆ ಭೇದದಿಂದಲೇ ಆಳ ಮೂಡುತ್ತದೆಂದು 1838ರಲ್ಲಿ ತನ್ನ ಸ್ಟೀರಿಯೋಸ್ಕೋಪಿನಿಂದ ಸಿದ್ಧಪಡಿಸಿದನು. ಈಗಿನ ಕನ್ನಡಕವೂ ಕಣ್ಣಿಗೊಂದರಂತೆ ಎರಡು ಚಿತ್ರ ತೋರಿಸುವ ಅದೇ ಉಪಾಯ. ತೊಡಕು ಬೇರೆ ಕಡೆಯಿದೆ. ತೋರುವ ವಸ್ತು ಹತ್ತಿರವಿದ್ದರೆ ಕಣ್ಣಾಲಿಗಳು ಒಳಕ್ಕೆ ತಿರುಗುತ್ತವೆ, ಆದರೆ ಕಣ್ಣಿನ ಮಸೂರ ಮಾತ್ರ ಯಂತ್ರವು ಗೊತ್ತುಪಡಿಸಿದ ಒಂದೇ ದೂರಕ್ಕೆ ಹೊಂದಿಕೊಂಡಿರಬೇಕಾಗುತ್ತದೆ. ನಿಜಲೋಕದಲ್ಲಿ ಜೊತೆಯಾಗಿ ನಡೆಯುವ ಈ ಎರಡು ಕೆಲಸಗಳು ಅಲ್ಲಿ ಅಗಲಿಬಿಡುತ್ತವೆ, ಕಣ್ಣು ದಣಿಯುತ್ತದೆ.

ದೂರದ ಅಂದಾಜನ್ನು ಅಳೆಯುವ ಬಗೆಯೂ ಸರಳವಾದದ್ದು. ನಮ್ಮ ಮೈದಾನದಲ್ಲಿ ಯಾರಾದರೂ ಮಾಡಿನೋಡಬಹುದು. ಹತ್ತು ಹನ್ನೆರಡು ಮೀಟರು ದೂರದ ಗೂಟವೊಂದನ್ನು ನೋಡಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅದಿದ್ದ ಜಾಗಕ್ಕೆ ನಡೆದುಹೋಗುವದು. ಬಹುತೇಕ ಜನ ಗೂಟದ ಸಮೀಪಕ್ಕೇ ಹೋಗಿ ನಿಲ್ಲುತ್ತಾರೆ. ಅದೇ ಗೂಟವನ್ನು ಯಂತ್ರದೊಳಗೆ ತೋರಿಸಿ ನಡೆಸಿದರೆ ಮುಂಚೆಯೇ ನಿಂತುಬಿಡುತ್ತಾರೆ. ಆ ಲೋಕ ಕಣ್ಣಿಗೆ ಇದ್ದುದಕ್ಕಿಂತ ಕುಗ್ಗಿ ಕಾಣುತ್ತದೆ. ಹೊಸ ಯಂತ್ರಗಳಲ್ಲಿ ಈ ಕುಗ್ಗುವಿಕೆ ಕಡಿಮೆಯಾಗಿದೆಯಾದರೂ ಪೂರ್ತಿ ಹೋಗಿಲ್ಲ. ದನಿಯನ್ನು ಸೇರಿಸಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವದೂ ಇಲ್ಲ, ಏಕೆಂದರೆ ಕಿವಿಯೂ ದೂರವನ್ನು ಕುಗ್ಗಿಸುವಂಥದೇ ಎಂದು ಮೇಲೆ ಹೇಳಿದೆ. ಅದಲ್ಲದೆ ಕಣ್ಣು ತೆರೆದಿದ್ದರೆ ಕಿವಿ ಅದರ ಮಾತಿಗೆ ತಲೆಯಾಡಿಸುತ್ತದೆ. ಗೊಂಬೆಯಾಟದಲ್ಲಿ ಭಾಗವತನ ದನಿ ಗೊಂಬೆಯ ಬಾಯಿಂದಲೇ ಬಂದಂತೆ ನಾವು ಕೇಳುವದಿಲ್ಲವೆ? ಆದರೂ ವಿಶಾಲವಾದ ದೇವಾಲಯವನ್ನು ತೋರಿಸಿ ಅದರಲ್ಲಿ ಗೋಡೆಯ ಮರುದನಿಯಿಲ್ಲದ ಒಣ ಮಾತನ್ನು ಕೇಳಿಸಿದರೆ ಮನಸ್ಸು ಒಪ್ಪದು. ಗೋಳಗುಮ್ಮಟದಲ್ಲಿ ಕಣ್ಣು ಕಿವಿಗಳು ಜಗಳವಾಡಿದರೆ ನಮಗೆ ಆನಂದ. ಕನ್ನಡಕದೊಳಗೆ ಅದೇ ಜಗಳವಾದರೆ ಆ ಲೋಕದ ಮೇಲಿನ ನಂಬಿಕೆಯೇ ಸಡಿಲುತ್ತದೆ.

ಇನ್ನು ರಾಮನ್ನರ ಕರ್ನಾಟಕದ ದಿನಗಳು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮರುವರ್ಷ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಮೃದಂಗವನ್ನು ಕುರಿತು ಬರೆದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ಮೃದಂಗದ ನಡುವಿನ ಕಪ್ಪು ಕರಣೆಯು ಚರ್ಮಕ್ಕೆ ತೂಕ ಕೊಟ್ಟು ಅವುಗಳನ್ನು ಶ್ರುತಿಗೆ ತರುತ್ತದೆ. ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಾಗಿ ಕೂಡಿಕೊಳ್ಳುತ್ತವೆ. ಅವರು ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಅದು ಗೆರೆಗಳಾಗಿ ಕೂಡುವದನ್ನು ನೋಡಿ, ಕಿವಿಯ ಸಂಗತಿಗೆ ಕಣ್ಣಿನ ಸಾಕ್ಷಿ ಪಡೆದರು. ಆಮೇಲೆ 1935-36ರಲ್ಲಿ ನಾಗೇಂದ್ರನಾಥರೊಡನೆ, ದ್ರವದಲ್ಲಿ ಹೋಗುತ್ತಿರುವ ಕಿವಿಗೆ ಕೇಳದ ನಾದದ ಅಲೆಗಳು ಬೆಳಕನ್ನು ಹೇಗೆ ಒಡೆಯುತ್ತವೆಂಬ ಸಿದ್ಧಾಂತವನ್ನು ಕಟ್ಟಿದರು. ನಾದವೂ ಬೆಳಕೂ ಒಂದೇ ಪಾತ್ರೆಯಲ್ಲಿ ಕೂಡಿದ ಕೆಲಸ ಇದು; ನನ್ನ ಮೆಚ್ಚಿಗೆ ನೊಬೆಲಿಗಿಂತ ಇದರ ಮೇಲೆಯೇ ಹೆಚ್ಚು.

ಆಡಳಿತದಲ್ಲಿ ಅವರಿಗೆ ಹೊಂದಿಕೊಳ್ಳಲು ಬರಲಿಲ್ಲ. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. ಬಳಿಕ ಮೈಸೂರು ಮಹಾರಾಜರಿತ್ತ ಭೂಮಿಯಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ಕಟ್ಟಿಕೊಂಡು ಹರಳು, ಚಿಟ್ಟೆ, ಗುಲಾಬಿಗಳ ನಡುವೆ ಕುಳಿತರು. 1954ರಲ್ಲಿ ಭಾರತರತ್ನ ಬಂದಿತು. ಸರಕಾರದ ಹಣವನ್ನು ಅವರು ಬಯಸಲಿಲ್ಲ, ಸಂಗಡಿಗರೂ ದೂರವಾದರು. ಈ ಒಂಟಿತನದಲ್ಲಿ ಅವರು ಕೈಗೆತ್ತಿಕೊಂಡದ್ದು ಕಣ್ಣನ್ನು. ಬಣ್ಣದ ಗಾಜಿನ ಮೂಲಕ ಬೆಳ್ಳಗೆ ಹೊಳೆಯುವ ಪರದೆಯನ್ನು ದಿಟ್ಟಿಸಿ, ಗಾಜನ್ನು ಥಟ್ಟನೆ ತೆಗೆದರೆ, ತನ್ನ ಅಕ್ಷಿಪಟದ ಚಿತ್ರವೇ ಪರದೆಯ ಮೇಲೆ ಕ್ಷಣಹೊತ್ತು ತೋರುತ್ತದೆಂದು ಅವರು ಕಂಡುಕೊಂಡರು. ಹೀಗೆ ವರ್ಷಗಟ್ಟಲೆ ತಮ್ಮ ಕಣ್ಣಿನಿಂದಲೇ ತಮ್ಮ ಕಣ್ಣನ್ನು ನೋಡಿ 1968ರಲ್ಲಿ ದಿ ಫಿಸಿಯಾಲಜಿ ಆಫ್ ವಿಷನ್ ಎಂಬ ಗ್ರಂಥವನ್ನು ಹೊರತಂದರು. ಮೂರು ಮೂಲವರ್ಣಗಳ ಸಿದ್ಧಾಂತವನ್ನು ಅದರಲ್ಲಿ ತಳ್ಳಿಹಾಕಿದರು. ಶರೀರಶಾಸ್ತ್ರಜ್ಞರು ಒಪ್ಪಲಿಲ್ಲ, ಇಂದಿಗೂ ಆ ಸಿದ್ಧಾಂತವೇ ನಿಂತಿದೆ.

ಇದನ್ನು ಮುಚ್ಚಿಡುವದು ಅವರಿಗೆ ಗೌರವ ತೋರಿದಂತಾಗದೆಂದು ನನ್ನ ನಂಬಿಕೆ. ಪಿಟೀಲಿನ ವಿಷಯದಲ್ಲಿ ಅವರು ಕೈಯನ್ನೂ ನಂಬದೆ ಯಂತ್ರ ಮಾಡಿದ್ದರು. ಕೊನೆಗಾಲದಲ್ಲಿ ಒಬ್ಬನ ಕಣ್ಣು ಸಾಕೆಂದು ಬಗೆದರು. ನೋಟವೆಲ್ಲ ಅಕ್ಷಿಪಟದಲ್ಲಿಯೇ ಮುಗಿಯುವದಿಲ್ಲ. ದೂರವನ್ನೇ ತೆಗೆದುಕೊಂಡರೆ, ಅದು ಎಡಗಣ್ಣಿನಲ್ಲಿಯೂ ಇಲ್ಲ, ಬಲಗಣ್ಣಿನಲ್ಲಿಯೂ ಇಲ್ಲ; ಎರಡನ್ನೂ, ಕಿವಿಯ ಮಾತನ್ನೂ, ಹಿಂದಿನ ಅನುಭವವನ್ನೂ ಹೋಲಿಸಿ ಒಳಗೆಲ್ಲೋ ಮಿದುಳು ಕಟ್ಟಿಕೊಳ್ಳುವದು. ಬಟ್ಟೆ ಕಟ್ಟಿ ನಡೆಸುವ ಪರೀಕ್ಷೆಯಲ್ಲಿ ಹತ್ತಾರು ಜನರನ್ನು ನಡೆಸುವದು ಇದೇ ಕಾರಣಕ್ಕೆ. ಆದರೂ ಎಂಬತ್ತರ ಅಂಚಿನ ಮುದುಕನೊಬ್ಬ, ದೊಡ್ಡ ಯಂತ್ರಗಳಿಲ್ಲದೆ, ಬಣ್ಣದ ಗಾಜು ಹಿಡಿದು ತನ್ನ ಕಣ್ಣೊಳಗೆ ತಾನೇ ಇಣುಕಿದ ದೃಶ್ಯವನ್ನು ನೆನೆದಾಗ ನನಗೆ ತಪ್ಪು ಹುಡುಕುವ ಮನಸ್ಸಾಗುವದಿಲ್ಲ.

ಪ್ರತಿವರ್ಷ ಅಕ್ಟೋಬರ 2ರಂದು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ಕೊಡುವದು ಅವರ ವಾಡಿಕೆಯಾಗಿತ್ತು. 1970ರ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಕಿವಿ. ಅದರೊಳಗೆ ಶಂಖದಂತೆ ಸುರುಳಿಸುತ್ತಿದ ಕಾಕ್ಲಿಯಾ. ಎಂಬತ್ತೆರಡಕ್ಕೆ ಒಂದು ತಿಂಗಳು ಕಡಿಮೆ ವಯಸ್ಸು. ಅದೇ ತಿಂಗಳ ಕೊನೆಗೆ ಪ್ರಯೋಗಶಾಲೆಯಲ್ಲಿ ಕುಸಿದರು. ನವೆಂಬರ 21ರ ಬೆಳಗ್ಗೆ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು; ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ.